ಮಾಣಿಕನಗರದ ಸಂಗೀತ ದರ್ಬಾರು

ಬೀದರ ಸೀಮೆಯನ್ನು ದರ್ಬಾರುಗಳ ಸೀಮೆಯೆಂದೇ ಕರೆಯಬಹುದು. ಹುಮನಾಬಾದಿನ ಪಶ್ಚಿಮಕ್ಕೆ ಬಸವಕಲ್ಯಾಣವಿದೆ. ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಆಳಿದುದು ಅಲ್ಲಿಂದಲೇ. ಅವನ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಸ್ಥಾನವುಂಟು, ಧಾನ್ಯ ಕುಟ್ಟುವ ಹೆಂಗಸರ ಓವಿಯ ಹಾಡು ಕೂಡ ಆ ಅರಸನ ಕಿವಿಗೆ ಬಿದ್ದಿತ್ತು. ಪೂರ್ವಕ್ಕೆ ಹೊರಟರೆ ಬಹಮನಿ ಸುಲ್ತಾನರ ಬೀದರ ಕೋಟೆ. ಇನ್ನೂ ಮುಂದೆ ಹೋದರೆ ನಿಜಾಮರ ಹೈದರಾಬಾದು. ಈ ಮೂರು ಸಿಂಹಾಸನಗಳೂ ಇಂದು ಬರಿದಾಗಿವೆ. ಕಲ್ಯಾಣದ ಅರಮನೆ ಮಣ್ಣಾಯಿತು. ಬೀದರಿನ ಮಹಲುಗಳಲ್ಲಿ ಪಾರಿವಾಳಗಳು ವಾಸಿಸುತ್ತವೆ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು. ಆದರೆ ಈ ಮೂರರ ನಡುವೆ, ಹುಮನಾಬಾದಿನ ಮಗ್ಗುಲಲ್ಲಿ, ಒಂದು ದರ್ಬಾರು ಮಾತ್ರ ಈಗಲೂ ವರ್ಷಕ್ಕೊಮ್ಮೆ ಕೂಡುತ್ತದೆ. ಅದಕ್ಕೆ ಸೈನ್ಯವಿಲ್ಲ, ಕಂದಾಯವಿಲ್ಲ. ಅದರ ಹೆಸರೇ ಸಂಗೀತ ದರ್ಬಾರು; ಅದು ನಡೆಯುವ ಊರು ಮಾಣಿಕನಗರ.

ಊರು ದೊಡ್ಡದೇನೂ ಅಲ್ಲ. ಗುರುಗಂಗಾ ಮತ್ತು ವಿರಜಾ ಎಂಬ ಎರಡು ಹಳ್ಳಗಳು ಕೂಡುವೆಡೆಯಲ್ಲಿ 1845ರ ಸುಮಾರಿಗೆ ಅದು ನೆಲೆಗೊಂಡಿತು. ನೆಲೆಗೊಳಿಸಿದವರು ಶ್ರೀ ಮಾಣಿಕಪ್ರಭುಗಳು. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರ ದತ್ತ ಜಯಂತಿಯಂದು ಹುಟ್ಟಿದ ಈ ಸಂತರು, ಎಲ್ಲ ಮತಗಳಲ್ಲಿಯೂ ಇರುವ ಸತ್ಯವೊಂದೇ ಎಂದು ಸಾರಿ ಸಕಲಮತ ಸಂಪ್ರದಾಯವನ್ನು ಆರಂಭಿಸಿದರು. ಅವರ ಸಾನ್ನಿಧ್ಯದಲ್ಲಿ ಬ್ರಾಹ್ಮಣರು, ಲಿಂಗಾಯತರು, ಮುಸಲ್ಮಾನರು ಬೇರೆ ಬೇರೆ ಹೆಸರುಗಳಿಂದ ತಮ್ಮ ತಮ್ಮ ಗುರುವನ್ನೇ ಕಂಡರು. ಮರಾಠಿ, ಹಿಂದಿ, ಕನ್ನಡ, ಸಂಸ್ಕೃತಗಳಲ್ಲಿ ಅವರು ಪದಗಳನ್ನು ಕಟ್ಟಿದರು. ಒಂದೇ ಭಾಷೆಯ ಜನ ಎಂದೂ ಇರದ ಆ ಸೀಮೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಕೇಳಬಹುದಾದುದು ರಾಗ ಮತ್ತು ತಾಳ. ಪ್ರಭುಗಳು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮಾರ್ಗಶಿರದ ಶುಕ್ಲಪಕ್ಷದಲ್ಲಿ ದತ್ತ ಜಯಂತಿಯ ಉತ್ಸವ. ಡಿಸೆಂಬರಿನ ಹೊತ್ತಿಗೆ ತೊಗರಿಯ ಹೊಲಗಳು ಬಲಿತಿರುತ್ತವೆ. ರಾತ್ರಿಯ ಚಳಿಗೆ ಕಂಬಳಿ ಬೇಕಾಗುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬಂದು ಸೇರುತ್ತಾರೆ. ಸಂಗೀತ ದರ್ಬಾರಿನ ರಾತ್ರಿ ಪೀಠಾಧಿಪತಿಗಳು ಗಾದಿಯ ಮೇಲೆ ಕುಳಿತುಕೊಳ್ಳುತ್ತಾರೆ; ಗಾಯಕರೂ ವಾದಕರೂ ಸೇವೆಯೆಂದು ತಮ್ಮ ಕಲೆಯನ್ನು ಒಪ್ಪಿಸುತ್ತಾರೆ. ಹೆಸರಾಂತ ವಿದ್ವಾಂಸನ ಆಲಾಪವನ್ನು ಕೇಳುವವರಲ್ಲಿ ಪಟ್ಟಣದ ರಸಿಕನೂ ಉಂಟು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡ ರೈತಗಿತ್ತಿಯೂ ಉಂಟು. ರಾಗದ ಹೆಸರು ತಿಳಿಯದಿದ್ದರೇನು? ಸಮಕ್ಕೆ ಬಂದಾಗ ತಲೆದೂಗುವುದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

1865ರಲ್ಲಿ ಪ್ರಭುಗಳು ದೇಹ ಬಿಟ್ಟುದು ಇದೇ ಉತ್ಸವದ ದಿನಗಳಲ್ಲಿ. ಭಕ್ತರು ಹೇಳುವ ಚರಿತ್ರೆಯಂತೆ, ಅವರು ಏಕಾದಶಿಯಂದು ಸಮಾಧಿ ಹೊಂದಿದರೂ ನೆರೆದ ಜನರ ಹಬ್ಬ ಕೆಡಬಾರದೆಂದು ಆ ಸುದ್ದಿಯನ್ನು ಹುಣ್ಣಿಮೆಯವರೆಗೆ ಹೊರಗೆಡಹಲಿಲ್ಲ. ಒಡೆಯನಿಲ್ಲದಿದ್ದರೂ ಉತ್ಸವ ನಿಲ್ಲಬಾರದೆಂಬ ಈ ನಿಯಮವೇ ಮಾಣಿಕನಗರದ ದರ್ಬಾರನ್ನು ಇಂದಿನವರೆಗೆ ಉಳಿಸಿಕೊಂಡು ಬಂದಿದೆ ಎಂದರೆ ತಪ್ಪಾಗಲಾರದು.

ಒಡೆಯನು ಹೋದಮೇಲೆ ವಾದ್ಯಗಾರರ ಗತಿ ಎಲ್ಲೆಡೆಯೂ ಹೀಗಾಗಲಿಲ್ಲ. ದಖ್ಖಣದ ದರ್ಬಾರುಗಳಿಗೆ ಆಫ್ರಿಕದ ನಂಟು ಹಳೆಯದು. ಬಹಮನಿಗಳ ಸೇನೆಯಲ್ಲಿ ಹಬಶಿಗಳಿದ್ದರು. ಬೀದರಿನ ಹಬಶಿ ಕೋಟೆ ಎಂಬ ದಿಬ್ಬವೂ ಅಲ್ಲಿಯ ಗೋರಿಗಳೂ ಅವರ ನೆನಪನ್ನು ಉಳಿಸಿವೆ. ಹೈದರಾಬಾದಿನ ನಿಜಾಮರಿಗೆ ಆಫ್ರಿಕನ್ ಅಶ್ವದಳವೇ ಇತ್ತು. ಸಂಸ್ಥಾನ ಮುಗಿದಾಗ ಆ ದಳವೂ ಚೆದುರಿತು. ಕುದುರೆ ಹೋಯಿತು, ಸಂಬಳ ಹೋಯಿತು, ತಾಳವೊಂದು ಉಳಿಯಿತು. ಆ ಸಿದ್ದಿಗಳ ಮಕ್ಕಳು ಮೊಮ್ಮಕ್ಕಳು ಮರ್ಫಾ ಮೇಳಗಳನ್ನು ಕಟ್ಟಿದರು. ಯೆಮನಿನ ಅರಬರ ತಾಳವೂ ಆಫ್ರಿಕದ ಕುಣಿತವೂ ಕೂಡಿ ಹುಟ್ಟಿದ ಬೀದಿಯ ವಾದ್ಯವಿದು: ದಫ್, ಢೋಲು, ಮರ್ಫಾ ಎಂಬ ಪುಟ್ಟ ನಗಾರಿ. ಮದುವೆಯ ಮೆರವಣಿಗೆಯಲ್ಲಿ ಮರ್ಫಾ ಮೊಳಗಿತೆಂದರೆ ವರನ ಅಜ್ಜನ ಕಾಲೂ ಸುಮ್ಮನಿರದು.

ಆಫ್ರಿಕದಲ್ಲಿಯೂ ಕಥೆ ಇದಕ್ಕೆ ಹತ್ತಿರದ್ದೇ. ಮೊಜಾಂಬಿಕಿನ ಚೋಪಿ ಜನರ ತಿಂಬಿಲಾ ಎಂಬುದು ಮರಿಂಬಾ ಜಾತಿಯ ವಾದ್ಯ. ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಕೆಳಗೂ ಅದರ ಸ್ವರಕ್ಕೆ ಹೊಂದುವ ಸೋರೆಬುರುಡೆಯನ್ನು ಕಟ್ಟುತ್ತಾರೆ. ಬುರುಡೆಯಲ್ಲಿ ರಂಧ್ರ ಕೊರೆದು ತೆಳುವಾದ ಪೊರೆಯನ್ನು ಅಂಟಿಸುತ್ತಾರೆ. ಕೋಲಿನಿಂದ ಪಟ್ಟಿಯನ್ನು ಹೊಡೆದಾಗ ಸ್ವರದೊಡನೆ ಒಂದು ಝೇಂಕಾರವೂ ಏಳುತ್ತದೆ. ನಮ್ಮ ತಂಬೂರಿಯ ಜವಾರಿಯನ್ನು ಕೇಳಿದವರಿಗೆ ಈ ನಾದ ಹೊಸದೆನಿಸದು. ಪಂಢರಪುರದ ಸುತ್ತ ಬೆಳೆಯುವ ಸೋರೆ ತಂಬೂರಿಯಾಗುವುದು. ಅಲ್ಲಿಯ ಸೋರೆ ತಿಂಬಿಲಾ ಆಗುವುದು. ಊರ ಮುಖಂಡರ ಆಶ್ರಯದಲ್ಲಿ ಬೆಳೆದ ಈ ಮೇಳಗಳನ್ನು ಚೋಪಿ ಕೂಲಿಗಳು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೂ ಕೊಂಡೊಯ್ದು, ರಜೆಯ ದಿನ ಬಯಲಿನಲ್ಲಿ ನುಡಿಸಿದರು. 2005ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. ಇಂದು ಆಫ್ರಿಕದ ನಗರಗಳಲ್ಲಿ ತರುಣರು ರಸ್ತೆಯ ಬದಿಯಲ್ಲಿ ಮರಿಂಬಾ ನುಡಿಸುತ್ತಾರೆ. ನಾಲ್ಕಾರು ಜನ ಒಂದೇ ಲಯದಲ್ಲಿ ಕೋಲು ಬೀಸುತ್ತಿದ್ದರೆ ಕಚೇರಿಗೆ ಧಾವಿಸುವವನೂ ಒಂದು ಗಳಿಗೆ ನಿಲ್ಲುತ್ತಾನೆ.

ಆ ಒಂದು ಗಳಿಗೆಯೇ ಸಂಗೀತದ ನಿಜವಾದ ಸಂಪಾದನೆ. ಕಣ್ಣೆದುರು ನುಡಿಸುವವನ ಕೈ ಕಾಣಬೇಕು, ಹಣೆಯ ಬೆವರು ಕಾಣಬೇಕು. ಕೇಳುವವನ ತಲೆದೂಗು ನುಡಿಸುವವನಿಗೆ ಕಾಣಬೇಕು. ಯಂತ್ರದಿಂದ ಬರುವ ಹಾಡು ಎಷ್ಟೇ ಇಂಪಾಗಿರಲಿ, ನಮ್ಮ ಸಂತೋಷವನ್ನು ಅದು ಅರಿಯದು. ಇಂದು ಮೆರವಣಿಗೆಗಳಲ್ಲಿ ಲಾರಿಯ ಮೇಲಿನ ಧ್ವನಿಪೆಟ್ಟಿಗೆಗಳು ಹಲಗೆಯನ್ನೂ ಶಹನಾಯಿಯನ್ನೂ ಬದಿಗೊತ್ತುತ್ತಿವೆ. ಅರಸು ಕೈಬಿಟ್ಟಾಗ ವಾದ್ಯಗಾರನಿಗೆ ಬೀದಿಯಿತ್ತು. ಬೀದಿಯೂ ಕಿವಿ ಮುಚ್ಚಿಕೊಂಡರೆ ಅವನು ಹೋಗುವುದೆಲ್ಲಿಗೆ?

ಈ ಪ್ರಶ್ನೆಗೆ ಮಾಣಿಕನಗರ ತನ್ನದೇ ಆದ ಉತ್ತರವನ್ನು ಕೊಡುತ್ತಿದೆ. ಕೇಳುವ ಜನ ಕೂಡಿದಲ್ಲಿ ದರ್ಬಾರು. ಕಲ್ಲಿನ ಅರಮನೆ ಬೇಕಿಲ್ಲ. ಏಕತಾರಿ ಹಿಡಿದು ತತ್ವಪದ ಹಾಡುವವರ ನಾಡು ಇದು. ಒಂದು ತಂತಿ, ಒಂದು ಬುರುಡೆ, ಒಂದು ಕಂಠ ಇಷ್ಟರಿಂದಲೇ ಇಲ್ಲಿಯ ಹಳ್ಳಿಗಳ ಕಟ್ಟೆಗಳು ತಲೆಮಾರುಗಳಿಂದ ಬೆಳಗು ಕಂಡಿವೆ.

ಪುಣೆ–ಹೈದರಾಬಾದು ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. 2017ರಲ್ಲಿ ಆರಂಭವಾದ ಬೀದರ–ಕಲಬುರಗಿ ರೈಲುಮಾರ್ಗದಲ್ಲಿಯೂ ಅದೊಂದು ನಿಲ್ದಾಣ. ಬಸವಕಲ್ಯಾಣದ ಕೋಟೆಯನ್ನೂ ಬೀದರಿನ ಮಹಲುಗಳನ್ನೂ ನೋಡಹೊರಟ ಕುಟುಂಬಗಳು ಪ್ರವಾಸವನ್ನು ಮಾರ್ಗಶಿರದ ಹುಣ್ಣಿಮೆಗೆ ಹೊಂದಿಸಿಕೊಂಡರೆ ಒಳ್ಳೆಯದು. ಮಕ್ಕಳು ಹಗಲು ಬರಿದಾದ ಸಿಂಹಾಸನಗಳ ಜಾಗವನ್ನು ನೋಡಲಿ. ರಾತ್ರಿ ತುಂಬಿದ ದರ್ಬಾರಿನಲ್ಲಿ ಕಂಬಳಿ ಹೊದೆದು ಕುಳಿತು, ತಂಬೂರಿಯ ಶ್ರುತಿ ಸೇರುವ ಕ್ಷಣವನ್ನು ತಮ್ಮ ಕಿವಿಯಿಂದಲೇ ಕೇಳಲಿ.