ಮರ ಹತ್ತುವವನ ಪಾಠಶಾಲೆ

ಮಳೆಗಾಲಕ್ಕೆ ಮೊದಲು ನಮ್ಮ ಡೊಂಬಿವಲಿಯ ಸೊಸಾಯಿಟಿಗಳಲ್ಲಿ ನಡೆಯಲೇಬೇಕಾದ ಕೆಲಸಗಳು ಮೂರು: ತಾರಸಿಯ ಸೋರಿಕೆಗೆ ಮದ್ದು, ಗಟಾರದ ಹೂಳಿಗೆ ಮುಕ್ತಿ, ಅಂಗಳದ ಮರಗಳಿಗೆ ಕ್ಷೌರ. ತಾರಸಿಗೆ ಬರುವವನನ್ನು ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಯಾವ ಕಂಪನಿಯ ಮಾಲು, ಎಷ್ಟು ವರ್ಷದ ಗ್ಯಾರಂಟಿ, ಹಿಂದೆ ಯಾವ ಬಿಲ್ಡಿಂಗಿನಲ್ಲಿ ಮಾಡಿದ್ದೀಯಪ್ಪ ಎಂದೆಲ್ಲ. ಗಟಾರದವನ ಹತ್ತಿರ ಚೌಕಾಶಿಯಾದರೂ ನಡೆಯುತ್ತದೆ. ಮರದ ವಿಷಯಕ್ಕೆ ಮಾತ್ರ, "ಯಾರಾದರೂ ಒಬ್ಬ ಹುಡುಗನನ್ನು ಕಳಿಸಿಕೊಡಿ" ಎಂದು ಕಂತ್ರಾಟುದಾರನಿಗೆ ಫೋನು ಮಾಡಿದರೆ ತೀರಿತು. ನಲವತ್ತು ಅಡಿ ಎತ್ತರದಲ್ಲಿ, ಕೈಯಲ್ಲಿ ಕೊಯ್ತಾ ಹಿಡಿದು, ಕೆಳಗೆ ನಿಂತ ಸ್ಕೂಟರುಗಳನ್ನೂ ಪಕ್ಕದಲ್ಲಿ ಹಾಯುವ ವಿದ್ಯುತ್ ತಂತಿಯನ್ನೂ ತಪ್ಪಿಸಿ, ಜೀವಂತ ಮರದ ಮೇಲೆ ಶಸ್ತ್ರಕ್ರಿಯೆ ಮಾಡುವವನಿಗೆ ಬೇಕಾದ ಅರ್ಹತೆ ಇಷ್ಟೇ: ಅವನು 'ಯಾರಾದರೂ ಒಬ್ಬ' ಆಗಿದ್ದರೆ ಸಾಕು.

ಇಂಗ್ಲಿಷಿನಲ್ಲಿ ಇವನಿಗೆ ಆರ್ಬೊರಿಸ್ಟ್ ಎಂಬ ಗೌರವದ ಹೆಸರಿದೆ. ಕನ್ನಡದಲ್ಲಿ ವೃಕ್ಷವೈದ್ಯ ಎನ್ನೋಣ. ಹೊಸ ಮಾತೆಂದು ಮೂಗು ಮುರಿಯಬೇಕಾಗಿಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವಿದೆ. ಆ ಗ್ರಂಥದ ಕಾಲ ಸುಮಾರು 1025. ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಮರಕ್ಕೆ ವೈದ್ಯವಿತ್ತು. ಅದನ್ನು ಓದಿದ ವೈದ್ಯನೊಬ್ಬ ನಮ್ಮ ಗಲ್ಲಿಗೆ ಬಂದದ್ದನ್ನು ಮಾತ್ರ ನಾವು ನೋಡಿಲ್ಲ.

ಹಾಗೆಂದು ಮರ ಹತ್ತುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ಶಿರಸಿ, ಸಿದ್ದಾಪುರ ಕಡೆಯಿಂದ ಬಂದ ಓದುಗರಿಗೆ ಕೊನೆಗೌಡನ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ಮರವನ್ನು ಒಮ್ಮೆ ಹತ್ತಿದವನು ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತಾನಿದ್ದ ಮರವನ್ನೇ ಬಾಗಿಸಿ, ಪಕ್ಕದ್ದನ್ನು ಹಿಡಿದು, ದಾಟುತ್ತ ಹೋಗುತ್ತಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗೆ ಹಗ್ಗ ಹಿಡಿದು ನಿಂತವನ ಹೊಣೆಯೂ ಮೇಲಿನವನಷ್ಟೇ. ತಂದೆಯಿಂದ ಮಗ, ಮಾವನಿಂದ ಅಳಿಯ ನೋಡಿ ನೋಡಿ ಕಲಿತದ್ದು. ಆದರೆ ಮಕ್ಕಳು ಈ ಕೆಲಸಕ್ಕೆ ಬೆನ್ನು ತಿರುಗಿಸಿದಾಗ ಊರಿನಲ್ಲೂ ಪಾಠಶಾಲೆಯೇ ಬೇಕಾಯಿತು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಶುರುಮಾಡಿತು. ಆರು ದಿನದ ಪಾಠ. ಯಂತ್ರ ಕಟ್ಟಿಕೊಂಡು ಹತ್ತುವುದು, ರೋಗ ಮತ್ತು ಕೀಟಗಳನ್ನು ಗುರುತಿಸುವುದು, ಮುಗಿದ ಮೇಲೆ ಅಪಘಾತದ ವಿಮೆ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಲ್ಲೂ ಈ ತರಗತಿಗಳು ನಡೆದವು.

ಆದರೆ ತೆಂಗಿನ ಮರಕ್ಕೆ ಕೊಂಬೆಯಿಲ್ಲ. ಅದನ್ನು ಹತ್ತಿ ಕಲಿತವನಿಗೆ ಎತ್ತರದ ಅಂಜಿಕೆ ಹೋಗುತ್ತದೆ. ಗುಲ್‌ಮೊಹರಿನ ಕೊಂಬೆಯನ್ನು ಎಲ್ಲಿ ಕೊಯ್ಯಬೇಕೆಂಬುದು ತಿಳಿಯುವುದಿಲ್ಲ. ನಮ್ಮ ಠಾಣೆ, ಕಲ್ಯಾಣ, ನವಿ ಮುಂಬಯಿಗಳ ರಸ್ತೆಗಳಲ್ಲಿ ನಿಂತಿರುವವು ಗುಲ್‌ಮೊಹರು, ಹಳದಿ ಹೂವಿನ ಪೆಲ್ಟೊಫೋರಮ್, ಮಳೆಮರ, ಪಿಂಪಳ, ಬಾದಾಮಿ. ಒಂದೊಂದರ ಸ್ವಭಾವ ಒಂದೊಂದು. ಗುಲ್‌ಮೊಹರಿನ ಕೊಂಬೆ ಮೆದು, ಗಾಳಿಗೆ ಥಟ್ಟನೆ ಮುರಿಯುತ್ತದೆ. ಮಳೆಮರ ಕೊಡೆಯಂತೆ ಹರಡುತ್ತದೆ, ಒಂದೊಂದು ಕೊಂಬೆಯ ಭಾರವೇ ಒಂದು ಮರದಷ್ಟು. ನವಿ ಮುಂಬಯಿಯ ಸಂಗತಿ ಇನ್ನೂ ಬೇರೆ. 1970ರಲ್ಲಿ ಸಿಡ್ಕೊ ಹುಟ್ಟಿ, ಊರು ನಕ್ಷೆಯ ಮೇಲೆ ಎದ್ದ ಮೇಲೆ ರಸ್ತೆ ರಸ್ತೆಗೂ ಸಾಲಾಗಿ ಒಟ್ಟಿಗೇ ನೆಟ್ಟ ಮರಗಳು ಒಟ್ಟಿಗೇ ಮುದುಕಾಗುತ್ತವೆ. ಒಟ್ಟಿಗೇ ವೈದ್ಯನನ್ನೂ ಕೇಳುತ್ತವೆ.

ನಮ್ಮ ಸೊಸಾಯಿಟಿಯ ಗೇಟಿನ ಬಳಿ ಇಂಥದೊಂದು ಮಳೆಮರವಿದೆ. ಹೋದ ವರ್ಷದ ಹಿಂದಿನ ಮೇ ತಿಂಗಳಲ್ಲಿ ಕಂತ್ರಾಟುದಾರ ಇಬ್ಬರನ್ನು ಕಳಿಸಿದ್ದ. ಒಬ್ಬ ಮುರಬಾಡ ಕಡೆಯ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ. ಬರಿಗಾಲಲ್ಲಿ ಏರಿದ. ನಮ್ಮಲ್ಲೊಬ್ಬರು ಕೆಳಗಿನಿಂದ, ಸೊಂಟಕ್ಕೆ ಹಗ್ಗ ಕಟ್ಟಿಕೋ ಮಾರಾಯ ಎಂದು ಕೂಗಿದರೆ, "ಕಾಕಾ, ದೋರಿ ಕಶಾಲಾ?" ಎಂದು ನಕ್ಕ. ಹಗ್ಗ ಯಾಕೆ ಎಂಬುದಕ್ಕೆ ಉತ್ತರ ಹತ್ತು ನಿಮಿಷದಲ್ಲೇ ಬಂತು. ಕೊಂಬೆಯನ್ನು ಮೇಲಿನಿಂದ ಒಂದೇ ಸಮನೆ ಕೊಯ್ಯುತ್ತಿದ್ದ. ಮುಕ್ಕಾಲು ಕೊಯ್ದದ್ದೇ ತಡ, ಕೊಂಬೆ ತನ್ನ ಭಾರಕ್ಕೆ ತಾನೇ ಸೀಳಿ, ಕಾಂಡದ ತೊಗಟೆಯನ್ನು ನಾಲ್ಕು ಅಡಿ ಉದ್ದಕ್ಕೆ ಸುಲಿದುಕೊಂಡು, ಓಲಾಡಿ ಅವನ ಕಡೆಗೇ ತಿರುಗಿತು. ಹುಡುಗ ಪಕ್ಕದ ಕೊಂಬೆಗೆ ಜಿಗಿದು ತಬ್ಬಿಕೊಂಡ. ಎದೆ, ತೋಳು ತರಚಿ ರಕ್ತ ಬಂತು. ಇಳಿದು ಬಂದು ನಲ್ಲಿಯ ನೀರಲ್ಲಿ ತೊಳೆದುಕೊಂಡು ಮತ್ತೆ ಏರಲು ಹೊರಟವನನ್ನು ನಾವು ತಡೆದು ಕೂರಿಸಿದೆವು. ಫೋನಿನಲ್ಲಿ ಕಂತ್ರಾಟುದಾರನಿಗೆ ಹೇಳಿದರೆ ಅವನ ಮೊದಲ ಪ್ರಶ್ನೆ, ಕೆಲಸ ಎಷ್ಟಾಯಿತು ಎಂದು.

ಈ ಗಲಾಟೆಯನ್ನೆಲ್ಲ ಎರಡನೆಯ ಮಹಡಿಯ ಗ್ಯಾಲರಿಯಿಂದ ನೋಡುತ್ತಿದ್ದವರು ನಮ್ಮ ಮಾಸ್ತರರು. ಶಾಲೆಯ ಮಾಸ್ತರರಲ್ಲ. ಹರೆಯದಲ್ಲಿ ಲಾಲ್‌ಬಾಗಿನಲ್ಲಿ ತೋಟದ ಕೆಲಸ ಕಲಿತು, ಠಾಣೆಯ ಒಂದು ಕಾರ್ಖಾನೆಯ ಉದ್ಯಾನವನ್ನು ಮೂವತ್ತೈದು ವರ್ಷ ನೋಡಿಕೊಂಡು ನಿವೃತ್ತರಾದವರು. ಎಪ್ಪತ್ತು ದಾಟಿದೆ. ಗಿಡಮರದ ಮಾತು ಬಂದರೆ ನಮಗೆಲ್ಲ ಅವರೇ ಪ್ರಮಾಣ. ಅವರು ಕೋಲೂರಿಕೊಂಡು ಇಳಿದು ಬಂದು, "ಗಾಯಕ್ಕೆ ಡಾಂಬರು ಬಳಿಯಿರಿ, ಉಳಿದ ಮೋಟನ್ನು ಕಾಂಡಕ್ಕೆ ಸಮನಾಗಿ ಒರೆಸಿದ ಹಾಗೆ ಕೊಯ್ಯಿಸಿ" ಎಂದು ಅಪ್ಪಣೆ ಕೊಡಿಸಿದರು. ಅವರ ಗುರುಗಳು ಹೇಳಿಕೊಟ್ಟ ಪಾಠ ಅದು.

ನಮ್ಮ ಸದಸ್ಯರೊಬ್ಬರಿಗೆ ಪರಿಚಯದ ಒಬ್ಬ ವೃಕ್ಷವೈದ್ಯರು ಠಾಣೆಯಲ್ಲಿದ್ದರು. ಅವರನ್ನು ಕರೆಸಿದೆವು. ಅವರು ಮರವನ್ನು ಅರ್ಧ ಗಂಟೆ ಸುತ್ತಿ ನೋಡಿ, ಡಾಂಬರು ಬೇಡ, ಸಮನಾಗಿ ಕೊಯ್ಯುವುದಂತೂ ಬೇಡವೇ ಬೇಡ ಎಂದರು. ಮಾಸ್ತರರ ಮುಖ ಕೆಂಪೇರಿತು.

ಇಲ್ಲಿ ಸ್ವಲ್ಪ ನಿಂತು ಹಿಂದಿನ ಕಥೆ ಹೇಳಬೇಕು. ಅಮೆರಿಕೆಯಲ್ಲಿ ಜಾನ್ ಡೇವಿ ಎಂಬಾತ 1901ರಲ್ಲಿ 'ದಿ ಟ್ರೀ ಡಾಕ್ಟರ್' ಎಂಬ ಪುಸ್ತಕ ಬರೆದ. ಮರಕ್ಕೂ ವೈದ್ಯ ಬೇಕೆಂದು ಅಲ್ಲಿಯ ಜನಕ್ಕೆ ಮನದಟ್ಟು ಮಾಡಿದವರಲ್ಲಿ ಅವನು ಮೊದಲಿಗ. ಆ ಕಾಲದ ವೈದ್ಯವೆಂದರೆ ಹಲ್ಲಿನ ಡಾಕ್ಟರರ ವೈದ್ಯದಂತೆ: ಪೊಟರೆಯನ್ನು ಕೆರೆದು ಸಿಮೆಂಟು ತುಂಬುವುದು, ಕೊಯ್ದ ಗಾಯಕ್ಕೆ ಬಣ್ಣವನ್ನೋ ಡಾಂಬರನ್ನೋ ಬಳಿಯುವುದು, ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ತೆಗೆಯುವುದು. ಹಲವು ದಶಕಗಳ ಕಾಲ ಇದೇ ಶಾಸ್ತ್ರವಾಗಿತ್ತು. ಅಲ್ಲಿಯ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ 1959ರಿಂದ ಬೇರೊಂದು ದಾರಿ ಹಿಡಿದ. ಯಂತ್ರದ ಗರಗಸದಿಂದ ಸಾವಿರಾರು ಮರಗಳನ್ನು ಅಡ್ಡಡ್ಡ ಮಾತ್ರವಲ್ಲ, ಉದ್ದುದ್ದಕ್ಕೂ ಸೀಳಿ, ಹಳೆಯ ಗಾಯಗಳು ಒಳಗೆ ಏನಾಗಿವೆಯೆಂದು ನೋಡಿದ. ಕಂಡದ್ದೇನು? ನಮ್ಮ ಮೈಯ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿ, ಕೊಳೆಯನ್ನು ಅಲ್ಲಿಗೇ ಬಂದಿ ಮಾಡಿ, ಹೊರಗಿನಿಂದ ಹೊಸ ಮರ ಬೆಳೆಸಿಕೊಳ್ಳುತ್ತದೆ. 1977ರಲ್ಲಿ ಇದನ್ನು ಚಿತ್ರಸಮೇತ ಪ್ರಕಟಿಸಿದ. ಬಣ್ಣ ಬಳಿದರೆ ಕೊಳೆ ನಿಲ್ಲುವುದಿಲ್ಲವೆಂದೂ ತೋರಿಸಿದ. ಕೊಂಬೆ ಹುಟ್ಟುವಲ್ಲಿ ಕೊರಳಪಟ್ಟಿಯಂತೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಸಮನಾಗಿ ಕೊಯ್ದರೆ ಆ ಕೊರಳೇ ಹೋಯಿತು.

ಅಂದರೆ ನಮ್ಮ ಮಾಸ್ತರರು ವಿದ್ಯೆ ಕಲಿಯುವ ಹೊತ್ತಿಗೇ ಆ ವಿದ್ಯೆ ಮಗುಚಿ ಬೀಳುತ್ತಿತ್ತು. ಸುದ್ದಿ ಠಾಣೆಯ ಕಾರ್ಖಾನೆಯ ತೋಟಕ್ಕೆ ತಲುಪಲಿಲ್ಲ, ಅಷ್ಟೇ. ಅದರಲ್ಲಿ ಅವರದೇನು ತಪ್ಪು? ವೈದ್ಯರಿಗೆ ಹೊಸ ಔಷಧದ ಸುದ್ದಿ ಹೇಳಲು ಬ್ಯಾಗು ಹಿಡಿದ ಪ್ರತಿನಿಧಿಗಳು ಬಾಗಿಲು ತಟ್ಟುತ್ತಾರೆ. ಮಾಳಿಯ ಬಾಗಿಲನ್ನು ಯಾರು ತಟ್ಟಬೇಕು?

1924ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವೃಕ್ಷವೈದ್ಯ ಸಂಸ್ಥೆ ಇದಕ್ಕೊಂದು ಉಪಾಯ ಮಾಡಿದೆ. ಅದರ ಪ್ರಮಾಣಪತ್ರ ಬೇಕಾದರೆ ಮೂರು ವರ್ಷ ಮರದ ಕೆಲಸ ಮಾಡಿರಬೇಕು, ಇಲ್ಲವೇ ಓದಿನ ಜೊತೆ ಒಂದಷ್ಟು ಅನುಭವವಿರಬೇಕು, ಆಮೇಲೆ ಪರೀಕ್ಷೆ. ಪಾಸಾದರೂ ಪತ್ರದ ಆಯುಸ್ಸು ಮೂರೇ ವರ್ಷ. ಅಷ್ಟರಲ್ಲಿ ತರಗತಿಗಳಿಗೆ ಹೋಗಿ ಮೂವತ್ತು ಅಂಕ ಕೂಡಿಸಬೇಕು, ಇಲ್ಲವೇ ಪುನಃ ಪರೀಕ್ಷೆಗೆ ಕೂರಬೇಕು. ತಲೆ ನೆರೆತವನಿಗೂ ವಿನಾಯಿತಿಯಿಲ್ಲ. ನಮ್ಮಲ್ಲಿ ಕಲಿಯುವ ದಾರಿ ಇಲ್ಲವೆಂದಲ್ಲ. ಕರ್ನಾಟಕದ ತೋಟಗಾರಿಕೆ ಇಲಾಖೆ ಹತ್ತು ತಿಂಗಳ ತರಬೇತಿ ಕೊಡುತ್ತದೆ. ಮಹಾರಾಷ್ಟ್ರದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಮಾಳಿಗಳಿಗೆಂದು ಮರಾಠಿಯಲ್ಲೇ ಒಂದು ವರ್ಷದ ಪಾಠವಿದೆ. ಆದರೆ ಅವು ತೋಟದ ಪಾಠಗಳು, ಅದೂ ಜೀವಮಾನಕ್ಕೊಮ್ಮೆ.

ಕಾನೂನಿನ ಮಾತಿಗೆ ಬಂದರೆ, ಈ ರಾಜ್ಯದಲ್ಲಿ ನಗರದ ಮರಗಳ ರಕ್ಷಣೆಗೆ 1975ರಷ್ಟು ಹಿಂದೆಯೇ ಕಾಯಿದೆ ಬಂದಿದೆ. ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಮರಕ್ಕೆ ಹಾನಿ ಮಾಡಿದರೂ ಕಡಿದಂತೆಯೇ ಲೆಕ್ಕ. 2021ರ ತಿದ್ದುಪಡಿಯಲ್ಲಿ ಐವತ್ತು ವರ್ಷ ದಾಟಿದ ಮರಕ್ಕೆ ಪಾರಂಪರಿಕ ವೃಕ್ಷವೆಂಬ ಪಟ್ಟವೂ ಸಿಕ್ಕಿತು. ಪಟ್ಟ ಕಟ್ಟಿಸಿಕೊಂಡ ಮರದ ಬುಡಕ್ಕೆ ಕಾಂಕ್ರೀಟು ಹಾಕುವವನಿಗೆ ಇದು ಗೊತ್ತಿರಬೇಕಲ್ಲ! ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಗಟಾರಕ್ಕೆಂದು, ಕೇಬಲ್ಲಿಗೆಂದು ಅಗೆದಾಗ ಕತ್ತರಿಸುವುದು ಅವನ್ನೇ. ದೆಹಲಿಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಮರದ ಸುತ್ತ ಒಂದು ಮೀಟರು ಕಾಂಕ್ರೀಟು ಒಡೆಸಿ ಮಣ್ಣು ಬಿಡಿಸಬೇಕಾಯಿತು. ಜೂನಿನ ಮೊದಲ ಬಿರುಮಳೆಗೆ ಮರ ಉರುಳಿದಾಗ ನಾವು ಗಾಳಿಯನ್ನು ಬಯ್ಯುತ್ತೇವೆ. ಬೇರು ಕಡಿದವನೂ, ತಂತಿಗೆ ತಾಗದಿರಲೆಂದು ಒಂದೇ ಮಗ್ಗುಲಿನ ಕೊಂಬೆ ಸವರಿ ಮರವನ್ನು ಇನ್ನೊಂದು ಮಗ್ಗುಲಿಗೆ ವಾಲಿಸಿದವನೂ ಅಷ್ಟು ಹೊತ್ತಿಗೆ ಬೇರೆ ರಸ್ತೆಯಲ್ಲಿರುತ್ತಾರೆ.

ಇರಲಿ, ಕಥೆಗೆ ಬರೋಣ. ವೃಕ್ಷವೈದ್ಯರು ಠಾಣೆಯ ಒಂದು ತೋಟದಲ್ಲಿ ಭಾನುವಾರ ಅರ್ಧ ದಿನದ ಪಾಠ ಇಟ್ಟಿದ್ದರು. ನಮ್ಮ ಸೊಸಾಯಿಟಿಯ ವತಿಯಿಂದ ಮೂರು ಮಂದಿ ಹೊರಟೆವು. ಮುರಬಾಡದ ಹುಡುಗನನ್ನೂ ಕರೆದೆವು. ಮಾಸ್ತರರನ್ನು ಕರೆಯಲು ನಮಗೆ ಧೈರ್ಯವಿರಲಿಲ್ಲ. ಆದರೆ ಅವರು ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಡೊಂಬಿವಲಿ ಸ್ಟೇಶನ್ನಿನಲ್ಲಿ ನಮಗಿಂತ ಮುಂಚೆ ನಿಂತಿದ್ದರು.

ಅಲ್ಲಿ ಮೂರು ಕೊಯ್ತದ ಪಾಠವಾಯಿತು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ, ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಎರಡನೆಯದು ಅದಕ್ಕಿಂತ ತುಸು ಆಚೆ, ಮೇಲಿನಿಂದ; ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಮೂರನೆಯದರಲ್ಲಿ ಉಳಿದ ಮೋಟನ್ನು ಕೊರಳಿನ ಹೊರಗೆ ತೆಗೆಯುವುದು. ದಪ್ಪ ಕೊಂಬೆಯಾದರೆ ಮೊದಲೇ ಹಗ್ಗ ಬಿಗಿದು ಮೆಲ್ಲಗೆ ಇಳಿಸುವುದು. ಹಗ್ಗದ ಭಾಗ ಬಂದಾಗ, ಇದು ನಮ್ಮ ಕೊನೆಗೌಡನಿಗೆ ಗೊತ್ತಿದ್ದದ್ದೇ ಎಂದು ನಮ್ಮಲ್ಲೊಬ್ಬರು ಪಿಸುಗುಟ್ಟಿದರು. ಹುಡುಗ ಎರಡೇ ಸಲಕ್ಕೆ ಕಲಿತ. ಕೊರಳು ಎಲ್ಲಿದೆಯೆಂದು ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ಹೇಳಿದ.

ಮಾಸ್ತರರು ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡರು. ಹಿಂದಿರುಗುವಾಗ ಗಾಡಿಯಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿದರೂ ಮುಂಬ್ರಾ ದಾಟುವ ತನಕ ಮಾತಾಡಲಿಲ್ಲ. ಆಮೇಲೆ, "ಮೂವತ್ತೈದು ವರ್ಷ ಡಾಂಬರು ಹಚ್ಚಿಸಿದೆ. ನನಗೆ ಕಲಿಸಿದವರು ಸಾಮಾನ್ಯರಲ್ಲ ನೋಡಿ" ಎಂದರು. ನಾವು ಏನು ಹೇಳುವುದು? ಸ್ವಲ್ಪ ತಡೆದು, "ಅಷ್ಟಾದರೂ ಎಷ್ಟೋ ಮರ ಬದುಕಿವೆ. ಗೋಡೆ ಅವೇ ಕಟ್ಟಿಕೊಂಡಿರಬೇಕು" ಎಂದು ತಮಗೆ ತಾವೇ ಹೇಳಿಕೊಂಡರು. ದಿವಾ ಬರುವ ಹೊತ್ತಿಗೆ ಹುಡುಗನ ಕೈ ಹಿಡಿದು, ಗಂಟು ಹಾಕುವ ಬಗೆಯನ್ನು ಇನ್ನೊಮ್ಮೆ ತೋರಿಸಪ್ಪ ಎಂದು ತಮ್ಮ ಪಂಚೆಯಂಚನ್ನೇ ಮುಂದೆ ಮಾಡಿದರು.

ಮುಂದಿನ ಪಾಠ ವಾರದ ದಿನವಿತ್ತು. ಹುಡುಗ ಬರುವುದಿಲ್ಲವೆಂದ. ಆಸೆಯಿಲ್ಲದೆ ಅಲ್ಲ, ಒಂದು ದಿನದ ಪಾಠವೆಂದರೆ ಒಂದು ದಿನದ ಕೂಲಿ ಖೋತಾ. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಾವಳಿಯಲ್ಲಿ ಈ ಲೆಕ್ಕಕ್ಕೆ ಅಂಕಗಳಿಲ್ಲ. ನಾವು ವಾರ್ಷಿಕ ಸಭೆಯಲ್ಲಿ ವಿಷಯ ಎತ್ತಿದೆವು: ವರ್ಷಕ್ಕೆ ನಾಲ್ಕು ದಿನ ಅವನ ಕೂಲಿಯನ್ನೂ ರೈಲಿನ ಖರ್ಚನ್ನೂ ಸೊಸಾಯಿಟಿ ಕೊಡುವುದು, ಪ್ರತಿಯಾಗಿ ನಮ್ಮ ಮರಗಳನ್ನು ಅವನೇ ನೋಡಿಕೊಳ್ಳುವುದು. ಅವನೇನು ನಮ್ಮ ನೌಕರನೇ ಎಂದು ಒಬ್ಬರು ಎದ್ದರು. ನಾಳೆ ಲಿಫ್ಟಿನವನೂ ಕೇಳಿದರೆ ಎಂದು ಇನ್ನೊಬ್ಬರು. ಲಿಫ್ಟಿನವನಿಗೆ ಅವನ ಕಂಪನಿ ತರಬೇತಿ ಕೊಡುತ್ತದೆ, ಅದಕ್ಕೇ ನೀವು ನಿರ್ಭಯವಾಗಿ ಹತ್ತುತ್ತೀರಿ ಎಂದು ಮಾಸ್ತರರು ಕೂತಲ್ಲಿಂದಲೇ ಹೇಳಿದರು. ಒಂದೂವರೆ ಗಂಟೆಯ ಚರ್ಚೆಯ ಮೇಲೆ ಠರಾವು ಪಾಸಾಯಿತು. ಖರ್ಚನ್ನು ಯಾವ ಖಾತೆಗೆ ಹಾಕುವುದೆಂದು ತಿಳಿಯದೆ ನಮ್ಮ ಕೋಶಾಧಿಕಾರಿಗಳು ಸದ್ಯಕ್ಕೆ 'ಕಟ್ಟಡ ದುರಸ್ತಿ'ಯಲ್ಲಿ ಬರೆದಿಟ್ಟಿದ್ದಾರೆ. ಆಡಿಟರರು ಇನ್ನೂ ನೋಡಿಲ್ಲ.