ಮಗನ ಕೋಣೆಯಿಂದ ಅಪ್ಪನ ಪದ

ಕಾಲೇಜಿಗೆ ಹೋಗುವ ಮಗ ನಿಮ್ಮ ಮನೆಯಲ್ಲೂ ಇದ್ದರೆ, ನಾನು ಹೇಳುವ ಗದ್ದಲ ಎಂಥದೆಂದು ಬೇರೆ ವಿವರಿಸಬೇಕಿಲ್ಲ. ಮುಚ್ಚಿದ ಕದ, ಒಳಗೆ ಡ್ರಮ್ಮಿನ ಹೊಡೆತ, ಯಾರನ್ನೋ ಹಿಡಿದು ಬಡಿಯುತ್ತಿದ್ದಾರೇನೋ ಎನ್ನುವಂಥ ಕೂಗು. 2012ರಲ್ಲಿ ಕಮ್ಮನಹಳ್ಳಿಯ ನಮ್ಮ ಮನೆಯಲ್ಲಿ ದಿನಾ ಸಂಜೆ ಇದೇ ಕತೆ. ನಮ್ಮ ಯಜಮಾನರು ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ನಿನ್ನ ಮಗನಿಗೆ ಹೇಳು" ಎನ್ನುತ್ತಿದ್ದರು. ಒಳ್ಳೆಯ ಅಂಕ ತಂದ ದಿನ ಮಾತ್ರ ಅವನು ಅವರ ಮಗ, ನೋಡಿ!

ಒಂದು ಸಂಜೆ ಹುಳಿಗೆ ಒಗ್ಗರಣೆ ಇಟ್ಟಿದ್ದೆ. ಆ ಗದ್ದಲದ ನಡುವೆ ಪಿಟೀಲು ಕೇಳಿಸಿತು, ಜೊತೆಗೆ ನಮ್ಮ ಹಾರ್ಮೋನಿಯಂನ ತಮ್ಮನಂಥ ಅಕಾರ್ಡಿಯನ್ನು. ಸೌಟು ಹಿಡಿದುಕೊಂಡೇ ಹೋಗಿ ಕದ ತಟ್ಟಿದೆ. ಬೈಯಲು ಬಂದೆನೆಂದು ಅವನು ಸದ್ದು ತಗ್ಗಿಸಿದ. "ಯಾರೋ ಇವರು?" ಎಂದೆ.

ಫಿನ್ಲೆಂಡಿನವರಂತೆ. ತಂಡದ ಹೆಸರು ಕೊರ್ಪಿಕ್ಲಾನಿ, ಆ ವರ್ಷವೇ ಬಂದ 'ಮನಾಲ' ಎಂಬ ಆಲ್ಬಮ್. ಜನಪದ ಧಾಟಿಯನ್ನು ಎಲೆಕ್ಟ್ರಿಕ್ ಗಿಟಾರಿಗೆ ಕೂಡಿಸಿ ಹಾಡುವುದಕ್ಕೆ ಫೋಕ್ ಮೆಟಲ್ ಎನ್ನುತ್ತಾರಂತೆ. ಹಾಡು ಅವರದೇ ಭಾಷೆಯಲ್ಲಿ. "ನಿನಗೆ ಅರ್ಥವಾಗುತ್ತೇನೋ?" ಎಂದರೆ, "ಇಲ್ಲಮ್ಮ, ಕತೆ ಓದ್ಕೊಂಡಿದೀನಿ" ಎಂದ.

ಆ ದೇಶದ ಎಲಿಯಾಸ್ ಲೋನ್‌ರೊಟ್ ಎಂಬ ವೈದ್ಯರು ಹಳ್ಳಿ ಹಳ್ಳಿ ತಿರುಗಿ, ಹಾಡುವವರ ಬಾಯಿಂದ ಕೇಳಿ ಬರೆದುಕೊಂಡು, 1835ರಲ್ಲಿ 'ಕಲೆವಾಲ' ಎಂಬ ಕಾವ್ಯ ಹೊರತಂದರು. 1849ರಲ್ಲಿ ಅದು ಬೆಳೆದು 50 ಹಾಡುಗಳಾಯಿತು. ಮನಾಲ ಎಂದರೆ ಅದರಲ್ಲಿ ಬರುವ ಸತ್ತವರ ಲೋಕ. ಆ ಕಾವ್ಯದಲ್ಲೊಬ್ಬ ತಾಯಿ ಇದ್ದಾಳೆ. ಮಗ ಸಾವಿನ ನದಿಯಲ್ಲಿ ತುಂಡು ತುಂಡಾಗಿ ಬಿದ್ದಿದ್ದಾನೆ. ಅವಳು ಕಮ್ಮಾರನಿಂದ ಕಬ್ಬಿಣದ ಹಲ್ಲುಗಳ ತಾಮ್ರದ ಹಲುಬೆ ಮಾಡಿಸಿಕೊಂಡು ಹೋಗಿ ನೀರನ್ನೆಲ್ಲ ಬಾಚುತ್ತಾಳೆ. ಸಿಕ್ಕ ತುಂಡುಗಳನ್ನು ಜೋಡಿಸಿ, ಜೇನುಹುಳ ತಂದ ಮುಲಾಮು ಹಚ್ಚಿ ಬದುಕಿಸಿಕೊಳ್ಳುತ್ತಾಳೆ. ಮಗ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಗ್ಗರಣೆ ಸೀದು ಮನೆಯೆಲ್ಲ ಹೊಗೆ.

"ಇಂಥ ಪದ ನಮ್ಮಲ್ಲೂ ಇವೆ ಕಣೋ" ಎಂದೆ. "ಗೊತ್ತಮ್ಮ" ಎಂದು ಇನ್ನೊಂದು ಹಾಕಿದ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ತಂದ ಆಲ್ಬಮ್. ಅದರಲ್ಲಿ ಶಿಶುನಾಳ ಷರೀಫರ ಪದಗಳೂ ಇವೆ. ಮನೆಯ ಮಾಳಿಗೆ ಸೋರುವ ಪದ ನಿಮಗೆಲ್ಲ ಗೊತ್ತೇ ಇದೆ, ಸಿ. ಅಶ್ವಥ್ ಕಂಠದಲ್ಲಿ ಕೇಳಿರುತ್ತೀರಿ. (ನನಗಂತೂ ಅಶ್ವಥ್ ಹಾಡಿದ್ದೇ ಹೆಚ್ಚು.) ಗಿಟಾರಿನ ಜೊತೆ ಅದು ಶುರುವಾದೊಡನೆ ನಾನು ಮಂಚದ ತುದಿಯಲ್ಲಿ ಕೂತುಬಿಟ್ಟೆ.

ಇದನ್ನು ನಿಮ್ಮ ಮುಂದೆ ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಅದು ನಮ್ಮಪ್ಪನ ಪದ. ನನ್ನ ತವರು ನವಲಗುಂದದ ಕಡೆಯ ಎರೆನೆಲದ ಹಳ್ಳಿ. ಅಪ್ಪ ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವನು. 1996ರಲ್ಲಿ ಮೊಮ್ಮಗನನ್ನು ನೋಡಲು ಕಮ್ಮನಹಳ್ಳಿಗೆ ಬಂದ. ಆಗ ನಮ್ಮ ಮೆಟ್ಟಿಲಿಳಿದರೆ ತಮಿಳು, ಮಲಯಾಳ, ಇಂಗ್ಲಿಷು. ಕನ್ನಡದವರು ಸಿಕ್ಕರೂ ನನ್ನ 'ಹೌದ್ರಿ, ಬರ್ರಿ' ಕೇಳಿ ನಗುತ್ತಾರೆಂದು ನಾನು ಕಷ್ಟಪಟ್ಟು ಇಲ್ಲಿನ ಮಾತು ಕಲಿತಿದ್ದೆ. ಅಪ್ಪ ಬೆಳಗಿನ ಜಾವ ತಾರಸಿಯ ಮೇಲೆ ಕೂತು ಗಂಟಲೆತ್ತಿ ಈ ಪದ ಹಾಡಿದ. ನಾನು ಓಡಿಹೋಗಿ, "ಅಪ್ಪಾ, ಸಣ್ಣಗ ಹಾಡು, ಮಂದಿ ನಗತಾರ" ಎಂದೆ. ಅಪ್ಪ ನನ್ನ ಮುಖ ನೋಡಿ, "ಆತು ಬಿಡವಾ" ಎಂದ. ಆಮೇಲೆ ಸಣ್ಣಗೂ ಹಾಡಲಿಲ್ಲ. ಮರುದಿನವೇ ಜೋಳದ ರಾಶಿಯ ನೆಪ ಹೇಳಿ ರೈಲು ಹತ್ತಿದ. ಮತ್ತೆ ನಮ್ಮ ಮನೆಗೆ ಬರಲಿಲ್ಲ. 2003ರಲ್ಲಿ ಹೋಗಿಬಿಟ್ಟ.

ಮಗನಿಗೆ ಇದೊಂದೂ ಗೊತ್ತಿಲ್ಲ. "ಮಾಳಿಗೆ ಅಂದ್ರೆ ಮೇಲಿನ ಫ್ಲೋರ್ ಅಲ್ವಾ? ಅದು ಹೇಗೆ ಸೋರುತ್ತೆ?" ಎಂದು ಕೇಳಿದ. ಇಲ್ಲಿ ಮಾಳಿಗೆ ಎಂದರೆ ಮಹಡಿ. ನಮ್ಮ ಕಡೆ ಮಾಳಿಗಿ ಎಂದರೆ ಮಣ್ಣಿನ ಚಾವಣಿ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ತುಂಡು, ಅದರ ಮೇಲೆ ದಪ್ಪಗೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಹರವಿ ತುಳಿಯಬೇಕು, ಅದು ನೆನೆದು ಬಿಗಿದುಕೊಂಡರೆ ನೀರು ಕೆಳಗಿಳಿಯುವುದಿಲ್ಲ. ಒಂದು ವರ್ಷ ಮೈಗಳ್ಳತನ ಮಾಡಿದಿರೋ, ರಾತ್ರಿಯೆಲ್ಲ ಹಾಸಿಗೆ ಪಕ್ಕ ತಪ್ಪಲೆ ಇಟ್ಟುಕೊಂಡು ಕೂರಬೇಕು. ಷರೀಫರು ಆ ಮನೆಯನ್ನು ಹೇಳುತ್ತಲೇ ಈ ಒಳಗಿನ ಮನೆಯನ್ನೂ ಹೇಳುತ್ತಾರೆ ಎಂದೆ. 1819ರಲ್ಲಿ ಹುಟ್ಟಿದ ಆ ಮುಸಲ್ಮಾನ ಹುಡುಗನನ್ನು ಬ್ರಾಹ್ಮಣರಾದ ಕಳಸದ ಗೋವಿಂದ ಭಟ್ಟರು ಶಿಷ್ಯನನ್ನಾಗಿ ಮಾಡಿಕೊಂಡದ್ದನ್ನೂ ಹೇಳಿದೆ.

"ನಮ್ಮಪ್ಪನ ಧಾಟಿ ಬೇರೆ ಇತ್ತು" ಎಂದು ಬಾಯಿತಪ್ಪಿ ಅಂದೆ. "ಹಾಡಮ್ಮ" ಎಂದ. ಹದಿನಾರು ವರ್ಷದ ಮೇಲೆ ಬಾಯಿ ಬಿಟ್ಟರೆ ದನಿ ಎಲ್ಲಿ ಬರಬೇಕು? ಆದರೂ ಹಾಡಿದೆ. ಅವನು ಮೊಬೈಲಿನಲ್ಲಿ ಹಿಡಿದುಕೊಂಡ. ಯಜಮಾನರು ಯಾವಾಗ ಬಂದರೋ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು.

ತಾರಸಿಯ ಸಂಗತಿಯನ್ನು ಮಗನಿಗೆ ಆ ದಿನ ಹೇಳಲಾಗಲಿಲ್ಲ. ಹೇಳಿದ್ದು ಹೋದ ವರ್ಷ, ಫೋನಿನಲ್ಲಿ. ಅವನೀಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಬಹಳ ಹೊತ್ತು ಸುಮ್ಮನಿದ್ದು, "ಪೂರ್ತಿ ಪದ ಹೇಳಿಕೊಡು" ಎಂದ. ಅಪ್ಪ ಹಾಡುತ್ತಿದ್ದ ಕೊನೆಯ ನುಡಿ ನನಗೆ ಬರಲಿಲ್ಲ. ಊರಿನ ಅಣ್ಣನಿಗೆ ಫೋನು ಮಾಡಿದೆ, ಅವನಿಗೂ ಅರ್ಧಂಬರ್ಧ. ಈ ಶ್ರಾವಣಕ್ಕೆ ಹೋದಾಗ ಭಜನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕು.