ಚೀಟಿಯಲ್ಲಿ ಬರೆಯದ ಕಾಯಿಲೆ

ಹತ್ತನೇ ತರಗತಿಯ ಆ ಹುಡುಗಿ ತಿಂಗಳಿಗೆ ಮೂರು ದಿನ ಶಾಲೆಗೆ ಬರುತ್ತಿರಲಿಲ್ಲ. ರಜೆ ಚೀಟಿಯಲ್ಲಿ ಪ್ರತಿ ಸಲವೂ ‘ಜ್ವರ’. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿದ್ದುದು ಅಮ್ಮನಿಗೆ ಗೊತ್ತಿತ್ತು. ಆದರೆ ಮದುವೆಯಾಗದ ಮಗಳನ್ನು ಹೆರಿಗೆ ಡಾಕ್ಟರ ಹತ್ತಿರ ಕರೆದೊಯ್ದರೆ ಜನ ಏನಂದಾರು ಎಂಬ ಅಂಜಿಕೆ. ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟರೂ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚಿದ್ದರು.

ಒಂದು ಬೆಳಿಗ್ಗೆ ಪ್ರಾರ್ಥನೆಯ ವೇಳೆ ಅವಳು ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ತೀವ್ರ ರಕ್ತಹೀನತೆ! ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ವೈದ್ಯೆ.

1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದ ನಾಡಿದು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದ ಹುಡುಗ ಹುಡುಗಿಯರೆಲ್ಲರಿಗೂ ಸೇರಿದ್ದು. ಮದುವೆಯಾಗಿರಲಿ, ಇಲ್ಲದಿರಲಿ, ಮುಟ್ಟಿನ ತೊಂದರೆ, ಗರ್ಭನಿರೋಧ, ಲೈಂಗಿಕ ಸೋಂಕು ಇವುಗಳ ಬಗ್ಗೆ ಗುಟ್ಟು ಕಾಪಾಡಿ ಸಲಹೆ, ಚಿಕಿತ್ಸೆ ಕೊಡುವುದು ಅದರ ಕ್ಲಿನಿಕ್‌ಗಳ ಕೆಲಸ.

ಸರ್ಕಾರ ಬಾಗಿಲು ತೆರೆದರೂ ಹೊಸಿಲು ದಾಟಿಸಬೇಕಾದವರು ಮನೆಯವರೇ. ಹಲ್ಲುನೋವಿಗೆ ಓಡುವ ತಂದೆತಾಯಿ ಇದಕ್ಕೂ ಓಡಬೇಡವೇ?

ಆ ತಾಯಿ ಮತ್ತೆಂದೂ ಚೀಟಿಯಲ್ಲಿ ‘ಜ್ವರ’ ಎಂದು ಬರೆಯಲಿಲ್ಲ.